ಕಾಲ್ಕೇಜಿಯ ತೂಕ

ಫೆಬ್ರವರಿ 4

ನನ್ನ ಮುಳ್ಳೇ,

ನಿನ್ನ ಕಾಗದ ಎಣ್ಣೆ ಗಿರಣಿಯವರ ವಿಳಾಸಕ್ಕೆ ನನಗಿಂತ ಮೂರು ದಿನ ಮೊದಲೇ ಬಂದು, ಮೈಗೆಲ್ಲ ಜಿಡ್ಡು ಮೆತ್ತಿಕೊಂಡು ಕಾಯುತ್ತಿತ್ತು. ಫೋನ್ ತೆಗೆದುಕೋ ಎಂದು ಮತ್ತೆ ಶುರು ಮಾಡಿದ್ದೀಯ. ನೋಡು ಮಗಳೇ, ಫೋನಿನಲ್ಲಿ ಆಡುವುದು ತೂಕವಿಲ್ಲದ ಮಾತು, ಇಟ್ಟ ಮೇಲೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಕಾಗದವಾದರೆ ಐದು ಗ್ರಾಮಾದರೂ ಇರುತ್ತದೆ. ತೂಗಿ ನೋಡಿಯೇ ಹೇಳುತ್ತಿದ್ದೇನೆ.

ಈ ವಾರ ಹನ್ನೊಂದು ತಕ್ಕಡಿ ಸರಿಮಾಡಿದೆ. ಸಕ್ಕರೆ ಮಂಡಿಯವರೊಬ್ಬರು, "ಯಜಮಾನ್ರೇ, ತಿಂಗಳಿಂದ ತೂಕ ಜಾಸ್ತಿ ಜಾಸ್ತಿ ತೋರಿಸ್ತಿದೆ, ಗಿರಾಕಿಗಳು ಜಗಳಕ್ಕೆ ಬರ್ತಾರೆ" ಎಂದು ಕರೆದರು. ಬಿಚ್ಚಿದರೆ ತಟ್ಟೆಯ ಕೆಳಗೆ ಇಲಿಯ ಗೂಡು, ಐದು ಮರಿ! "ತಕ್ಕಡಿ ಸರಿಯಾಗೇ ಇದೆ ಸ್ವಾಮೀ, ನಿಮ್ಮ ಸಕ್ಕರೆ ಜೊತೆ ಒಂದು ಸಂಸಾರನೂ ತೂಗ್ತಾ ಇದೆ ಅಷ್ಟೆ" ಎಂದೆ. ಅವರಿಗೆ ನಗು ಬರಲಿಲ್ಲ.

ನಮ್ಮ ಬೆಕ್ಕು ಸಿಕ್ಕಿ ಈ ತಿಂಗಳಿಗೆ ಹದಿನೈದು ವರ್ಷವಾಯಿತು, ನೆನಪಿದೆಯಾ? ಆಗ ನಿಮ್ಮಮ್ಮ ಹೋಗಿ ಒಂದು ವರ್ಷವಾಗಿತ್ತು. ಬಾಡಿಗೆ ಮನೆ ಬಿಟ್ಟು ನಾವಿಬ್ಬರೂ ಜೀಪಿನ ಹಿಂದೆ ಕಟ್ಟಿದ ಈ ಟ್ರೇಲರಿನ ಮನೆಗೆ ಬಂದು ನಾಲ್ಕು ತಿಂಗಳು. ನಿನಗೆ ಹದಿಮೂರು, ಮುಖ ಗಂಟು ಹಾಕಿಕೊಂಡೇ ಓಡಾಡುತ್ತಿದ್ದೆ. ಹಿಟ್ಟಿನ ಗಿರಣಿಯ ತಕ್ಕಡಿ ನೋಡಲು ಹೋದರೆ ತಟ್ಟೆಯಲ್ಲಿ ಹಿಟ್ಟು ಮೆತ್ತಿಕೊಂಡ ಒಂದು ಬೆಕ್ಕಿನ ಮರಿ ಮಲಗಿತ್ತು. ತಕ್ಕಡಿಯ ಮುಳ್ಳು ಇನ್ನೂರೈವತ್ತು ಗ್ರಾಮಿಗೆ ಸರಿಯಾಗಿ ನಿಂತಿತ್ತು. "ಕಾಲ್ ಕೇಜಿ!" ಎಂದು ನೀನು ಕೂಗಿದ್ದು ಕೇಳಿ ಗಿರಣಿಯವನು ಹೆದರಿ ಬೆಲ್ಟು ನಿಲ್ಲಿಸಿಬಿಟ್ಟ. ಗಾಡಿ ಹತ್ತಿದ ಮೇಲೆ ನೀನು ನಕ್ಕದ್ದು ಅಂದೇ ಮೊದಲು. ಆಮೇಲೆ ಅದು ನಾಲ್ಕೂವರೆ ಕೇಜಿ ತೂಗಿದರೂ ಹೆಸರು ಕಾಲ್ಕೇಜಿಯೇ.

ಮೊನ್ನೆ ಬಿಸಿಲಿಗೆ ಮೈಚಾಚಿ ಮಲಗಿತ್ತು. ಎತ್ತಿ ತಕ್ಕಡಿಯಲ್ಲಿಟ್ಟರೆ ಮಹಾರಾಣಿ ಕಣ್ಣೂ ತೆರೆಯಲಿಲ್ಲ. ಇನ್ನೊಂದು ಹಲ್ಲು ಉದುರಿದೆ. ಊರಿನ ಮುದುಕರಿಗೆಲ್ಲ ಹಲ್ಲಿನ ಸೆಟ್ಟು ಮಾಡಿಕೊಡುತ್ತೀಯಲ್ಲ, ಇದಕ್ಕೂ ಒಂದು ಮಾಡಿ ಕಳಿಸು.

ಕಾಲ್ಕೇಜಿ ತೂಕ: ಮೂರು ಕೇಜಿ ಇನ್ನೂರ ಹತ್ತು ಗ್ರಾಂ.

ನಿನ್ನ ಅಪ್ಪ


ಮಾರ್ಚ್ 3

ತಂಗಿಗೆ ನಮಸ್ಕಾರ,

ನಾನು ಯಾರು ಅಂತ ನಿಮಗೆ ಗೊತ್ತಿರಲಾರದು. ಹೆದ್ದಾರಿಯ ಪಕ್ಕದ ವೇಬ್ರಿಡ್ಜ್ ನೋಡಿಕೊಳ್ಳುವವಳು. ಲಾರಿಗಳನ್ನು ಕಬ್ಬಿಣದ ಹಾಸಿನ ಮೇಲೆ ನಿಲ್ಲಿಸಿ, ತೂಕ ನೋಡಿ ಚೀಟಿ ಕೊಡುವುದು ನನ್ನ ಕೆಲಸ. ನಿಮ್ಮ ತಂದೆ ತಿಂಗಳಿಗೊಮ್ಮೆ ಬಂದು ನನ್ನ ಕ್ಯಾಬಿನ್ನಿನಲ್ಲೇ ಕೂತು ನಿಮಗೆ ಕಾಗದ ಬರೆಯುತ್ತಾರೆ. ಎಷ್ಟೋ ಸಲ ಡಬ್ಬಿಗೆ ಹಾಕಿದವಳು ನಾನೇ, ಹಾಗಾಗಿ ವಿಳಾಸ ಬಾಯಿಪಾಠವಾಗಿದೆ.

ಫೆಬ್ರವರಿ ಇಪ್ಪತ್ತಾರರ ಬೆಳಿಗ್ಗೆ ನಿಮ್ಮ ಬೆಕ್ಕು ಹೋಯಿತು ತಂಗಿ. ಒದ್ದಾಡಲಿಲ್ಲ. ಎಂದಿನಂತೆ ಹಾಸಿನ ಮೇಲೆ ಬಿಸಿಲು ಕಾಯಿಸುತ್ತಾ ಮಲಗಿತ್ತು. ಸಿಮೆಂಟಿನ ಲಾರಿಯವನು ಹಾರ್ನ್ ಹೊಡೆದ, ಏಳಲಿಲ್ಲ. ಮತ್ತೆ ಹೊಡೆದ. ಆಮೇಲೆ ಇಳಿದು ಬಂದು, ತನ್ನ ಟವೆಲಿನಲ್ಲಿ ಎತ್ತಿಕೊಂಡು, "ಅಕ್ಕಾ, ನಿಮ್ ರಾಣಿ ಸಾಹೇಬ್ರು ಹೋಗ್ಬಿಟ್ರು" ಎಂದ. ದಿನಾ ಅದಕ್ಕೆ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದವನು ಅಂದು ಟವೆಲನ್ನು ವಾಪಸ್ ಕೇಳಲಿಲ್ಲ. ಕ್ಯಾಬಿನ್ನಿನ ಹಿಂದೆ ಮಣ್ಣು ಮಾಡಿದ್ದೇವೆ.

ನಿಮ್ಮ ತಂದೆ ನಿನ್ನೆ ಬಂದರು. ಗುಂಡಿಯ ಪಕ್ಕ ಬಹಳ ಹೊತ್ತು ನಿಂತರು. ಚಹಾ ಕೊಟ್ಟೆ, ಆರಿಹೋಯಿತು, ಕುಡಿಯಲಿಲ್ಲ. ಅವರು ನಿಮಗೆ ತಿಳಿಸಿಯೇ ಇರುತ್ತಾರೆ. ಆದರೂ ನೀವು ಬಿಟ್ಟುಹೋದ ದಿನದಿಂದ ಹೆಚ್ಚುಕಡಿಮೆ ಆರು ವರ್ಷ ನನ್ನ ಹತ್ತಿರವೇ ಇದ್ದ ಜೀವ. ನನ್ನ ಕಡೆಯಿಂದಲೂ ಒಂದು ಮಾತು ಇರಲಿ ಅನ್ನಿಸಿತು.

ಇಂತಿ,
ವೇಬ್ರಿಡ್ಜ್ ಅಕ್ಕ


ಮಾರ್ಚ್ 5

ನನ್ನ ಮುಳ್ಳೇ,

ಕೆಲಸ ಬಹಳ. ಹೆಚ್ಚು ಬರೆಯಲಾರೆ. ಟ್ರೇಲರಿನ ಹಿಂದಿನ ಕಿಟಕಿಗೆ ಹೊಸ ಅಗುಳಿ ಹಾಕಿಸಿದೆ, ಹಳೆಯದು ಸಡಿಲವಾಗಿತ್ತು. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ಕಾಲ್ಕೇಜಿ ತೂಕ: ಮೂರು ಕೇಜಿ ನೂರ ನಲವತ್ತು ಗ್ರಾಂ.

ಅಪ್ಪ


ಮಾರ್ಚ್ 9

ಅಪ್ಪಾ,

ಸತ್ತು ಏಳು ದಿನವಾದ ಬೆಕ್ಕು ಮೂರು ಕೇಜಿ ನೂರ ನಲವತ್ತು ಗ್ರಾಂ ತೂಗುತ್ತದೆಯೇ?

ಎರಡೂ ಕಾಗದ ಇವತ್ತು ಒಂದೇ ಟಪಾಲಿನಲ್ಲಿ ಬಂದವು. ಮೊದಲು ಓದಿದ್ದು ಆ ವೇಬ್ರಿಡ್ಜ್ ಅಕ್ಕನದ್ದು. ಯಾರೋ ಯಾರಿಗೋ ಬರೆದದ್ದು ತಪ್ಪಿ ನನಗೆ ಬಂದಿದೆ ಅಂದುಕೊಂಡೆ. ಆಮೇಲೆ ನಿನ್ನದು ಒಡೆದೆ. ಮೇಜಿನ ಮೇಲೆ ಯಾರದೋ ಅಜ್ಜನ ಮೇಲ್ದವಡೆಯ ಸೆಟ್ಟು ಪಾಲಿಷ್ ಆಗಿ ಕೂತಿತ್ತು, ಮೊಣಕೈ ತಗುಲಿ ಬಿದ್ದು ಎರಡು ಹೋಳಾಯಿತು. ನಮ್ಮ ಹಲ್ಲಿನ ಕಾರ್ಖಾನೆಯ ಯಜಮಾನಿ ಓಡಿ ಬಂದು, "ಏನಾಯ್ತೇ, ಯಾರಿಗೇನಾಯ್ತು?" ಎಂದರು. ಏನು ಹೇಳಲಿ? ನಮ್ಮ ಬೆಕ್ಕು ಸತ್ತು ಹನ್ನೊಂದು ದಿನವಾಯಿತು, ಹೋದ ವಾರ ನಮ್ಮಪ್ಪ ಅದನ್ನು ತೂಗಿದ್ದಾರೆ ಅನ್ನಲೇ? ಹುಚ್ಚು ಹಿಡಿದಿದೆ ಅಂದಾರು.

ಅಷ್ಟೇ ಅಲ್ಲ. ಆರು ವರ್ಷ ಅದು ಅಲ್ಲೇ ಇತ್ತಂತೆ! ನಾನು ಬಿಟ್ಟುಬಂದ ದಿನದಿಂದ!

ನಮ್ಮ ಗಾಡಿಗೆ ಇದ್ದದ್ದು ಒಂದೇ ಒಂದು ಕಾನೂನು. ಹೊರಡುವ ಮುಂಚೆ ನೀನು ಜೀಪಿನ ಸ್ಟೀರಿಂಗ್ ಹಿಡಿದು "ಒಳಗೆ?" ಎಂದು ಕೂಗುವುದು. ನಾನು ಟ್ರೇಲರಿನೊಳಗೆ ಬಗ್ಗಿ, ಮಂಚದ ಕೆಳಗೆ, ಒಲೆಯ ಹಿಂದೆ, ಬಟ್ಟೆ ಗೂಡಿನಲ್ಲಿ ಕಾಲ್ಕೇಜಿ ಇದೆಯೋ ಇಲ್ಲವೋ ಕಣ್ಣಾರೆ ನೋಡಿ, ಬಾಗಿಲಿಗೆ ಬೀಗ ಹಾಕಿ "ಒಳಗೆ!" ಎಂದು ಕೂಗುವುದು. ಆ ಮಾತು ಬೀಳದೆ ಜೀಪು ಸ್ಟಾರ್ಟ್ ಆಗುತ್ತಿರಲಿಲ್ಲ. ಎರಡು ಸಲ ಇಡೀ ದಿನ ಹುಡುಕುತ್ತಾ ಕೂತು ಕೆಲಸ ಕಳೆದುಕೊಂಡಿದ್ದೇವೆ. ಒಮ್ಮೆಯಾದರೂ ನೀನು ಅದಕ್ಕೆ ಬೈದವನಲ್ಲ.

ಆ ದಿನವೂ ನೀನು ಕೇಳಿದೆ, ನಾನು "ಒಳಗೆ" ಎಂದೆ. ಹೌದು, ಎಂದೆ. ಹಿಂದಿನ ಸಂಜೆ ಜಗಳವಾಡಿದ್ದೆವು. "ಯಾರದೋ ಬಾಯಿಗೆ ಹಲ್ಲು ಕಟ್ಟೋಕೆ ನನ್ನ ಬಿಟ್ಟು ಹೋಗ್ತೀಯಾ" ಎಂದಿದ್ದೆ ನೀನು. ನನಗೆ ಹನ್ನೊಂದು ಗಂಟೆಯ ಬಸ್ಸು ಹಿಡಿಯಬೇಕಿತ್ತು, ಮರುದಿನ ಇಲ್ಲಿ ಕೆಲಸಕ್ಕೆ ಸೇರಬೇಕಿತ್ತು. ನೀನೋ, ಹಟಕ್ಕೆ ಬಿದ್ದವನ ಹಾಗೆ ಎರಡನೇ ಗೇರಿನಲ್ಲಿ ತೆವಳಿದೆ. ನಾನು ಬೇಗ ಹೋಗು ಬೇಗ ಹೋಗು ಎಂದು ಬಡಿದುಕೊಂಡೆ.

ಹತ್ತು ದಿನಕ್ಕೆ ನಿನ್ನ ಮೊದಲ ಕಾಗದ ಬಂತು. ಕೊನೆಯಲ್ಲಿ ಕಾಲ್ಕೇಜಿ ತೂಕ ಬರೆದಿದ್ದೆ. ಹಾಸ್ಟೆಲಿನ ಬಚ್ಚಲಲ್ಲಿ ಕೂತು ಹೊಟ್ಟೆ ತುಂಬ ಅತ್ತೆ, ಸಂತೋಷಕ್ಕೆ. ಯಾಕೆ ಎಂದು ಈಗ ಕೇಳಬೇಡ. ಆಮೇಲೆ ತಿಂಗಳು ತಿಂಗಳು ಬಂತು ತೂಕ, ಎಪ್ಪತ್ತು ಕಾಗದ! ಒಂದೊಂದನ್ನೂ ನಂಬಿದೆ. ಪ್ರತಿ ಉತ್ತರದಲ್ಲೂ "ಕಾಲ್ಕೇಜಿಗೆ ಮುತ್ತು" ಎಂದು ಬರೆದೆ. ನೀನು ಓದಿ ಏನು ಮಾಡುತ್ತಿದ್ದೆ ಅಪ್ಪಾ, ನಗುತ್ತಿದ್ದೆಯಾ?

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಕಾಣುವುದಿಲ್ಲವೇ? ತೂಕವೇ ಸುಳ್ಳಾದರೆ ನಿನ್ನ ಕಾಗದಗಳಲ್ಲಿ ನಿಜ ಯಾವುದು? ಆರೋಗ್ಯವಾಗಿದ್ದೇನೆ ಎಂದದ್ದು? ಕಣ್ಣು ಚೆನ್ನಾಗಿ ಕಾಣುತ್ತದೆ ಎಂದದ್ದು? ನನ್ನ ಮೇಲೆ ಕೋಪವಿಲ್ಲ ಎಂದದ್ದು? ಇದ್ದದ್ದು ಇದ್ದಹಾಗೆ ಬರೆ. ಇಲ್ಲವಾದರೆ ಇನ್ನು ನಿನ್ನ ಕಾಗದ ಒಡೆಯುವುದಿಲ್ಲ, ಒಡೆಯದೆ ವಾಪಸ್ ಕಳಿಸುತ್ತೇನೆ. ನಾನು ಹೇಳಿದ್ದನ್ನು ಮಾಡುವವಳು ಎಂದು ನಿನಗೆ ಗೊತ್ತು.

ನಿನ್ನ ಮಗಳು


ಮಾರ್ಚ್ 17

ತಂಗಿಗೆ,

ನಿಮ್ಮ ಕಾಗದ ನೋಡಿ ನನಗೇ ತಲೆ ಗಿರ್ ಅಂತು. ಅಯ್ಯೋ ದೇವರೇ, ನಿಮಗೆ ಏನೂ ಗೊತ್ತೇ ಇರಲಿಲ್ಲವೇ! ಬೆಕ್ಕು ಇಲ್ಲಿದೆ ಅಂತ ಅವರು ನಿಮಗೆ ಬರೆಯುತ್ತಲೇ ಇದ್ದಾರೆ ಅಂದುಕೊಂಡಿದ್ದೆ. ಸಮಾಧಾನ ಹೇಳಲು ಹೋಗಿ ಬೆಂಕಿ ಇಟ್ಟ ಹಾಗಾಯಿತು. ಕ್ಷಮಿಸಿ.

ಕೇಳಿದ್ದೀರಲ್ಲ, ನನಗೆ ಗೊತ್ತಿರುವಷ್ಟು ಹೇಳುತ್ತೇನೆ. ನೀವಿಬ್ಬರೂ ಹೊರಟ ದಿನ ಬೆಕ್ಕು ಹಾಸಿನ ನಡುವೆ ಕೂತಿತ್ತು. ನಾನು ಚೀಟಿ ಬರೆಯುತ್ತಿದ್ದವಳು ತಲೆಯೆತ್ತುವಷ್ಟರಲ್ಲಿ ನಿಮ್ಮ ಗಾಡಿ ಗೇಟು ದಾಟಿ ತಿರುವಿನಲ್ಲಿತ್ತು. ಕೂಗಿದೆ, ಕೇಳಿಸಲಿಲ್ಲ. ಮಧ್ಯಾಹ್ನ ಎರಡಕ್ಕೆ ನಿಮ್ಮ ತಂದೆ ಒಬ್ಬರೇ ವಾಪಸ್ ಬಂದರು. ಎತ್ತಿ ಟ್ರೇಲರಿಗೆ ಹಾಕಿದರು, ಅದು ಕಿಟಕಿಗೆ ಮೈ ಅಪ್ಪಳಿಸಿ ಕಿರುಚಿತು. ಮುಂದಿನ ಊರಿನಲ್ಲಿ ಬಾಗಿಲು ತೆಗೆದದ್ದೇ ತಡ ಹಾರಿ ಓಡಿ, ಮೂರನೇ ದಿನ ನನ್ನ ಹಾಸಿನ ಮೇಲೆ ಹಾಜರ್. ಮತ್ತೆ ಕರೆದುಕೊಂಡು ಹೋದರು, ಮತ್ತೆ ಬಂತು. ಮೂರನೆಯ ಸಲ ಅವರೇ ಕೈಬಿಟ್ಟರು. "ಅದು ಬಿಟ್ಟ ಜಾಗದಲ್ಲೇ ಕಾಯುತ್ತೆ ಕಣಮ್ಮಾ, ಮಗಳು ಇಲ್ಲಿಗೇ ಬರ್ತಾಳೆ ಅಂದ್ಕೊಂಡಿದೆ" ಎಂದರು. ಎಂದವರು ಆ ಕಡೆ ತಿರುಗಿಕೊಂಡರು.

ಆಮೇಲೆ ಒಂದು ತಿಂಗಳೂ ತಪ್ಪಿಸಿಲ್ಲ. ಕೈಲಿ ಸಣ್ಣ ತಕ್ಕಡಿ ಹಿಡಿದು ಬರುತ್ತಾರೆ, ತೂಗುತ್ತಾರೆ, ಬರೆದುಕೊಳ್ಳುತ್ತಾರೆ. ನಾನು ಒಮ್ಮೆ, "ಇಷ್ಟು ದೊಡ್ಡ ತೂಕದ ಕಾಟಾನೇ ಇದೆ, ಇದ್ರಲ್ಲೇ ನೋಡ್ಕೊಳಿ" ಎಂದು ತಮಾಷೆ ಮಾಡಿದೆ. ನನ್ನ ಯಂತ್ರ ತೋರಿಸುವುದು ಹತ್ತು ಹತ್ತು ಕೇಜಿ ಲೆಕ್ಕದಲ್ಲಿ. ಆರು ವರ್ಷ ಅದು ಆ ಹಾಸಿನ ಮೇಲೆಯೇ ಮಲಗಿತು, ಒಂದು ದಿನವೂ ನನ್ನ ಪರದೆಯ ಸೊನ್ನೆ ಅಲುಗಲಿಲ್ಲ. ಅದಕ್ಕೇ ನಾನು ಅದನ್ನು ಸೊನ್ನೆ ಅಂತಲೇ ಕರೆಯುತ್ತಿದ್ದೆ. ಈಗ ಹಾಸು ಖಾಲಿ. ಪರದೆ ಅವತ್ತೂ ಸೊನ್ನೆ, ಇವತ್ತೂ ಸೊನ್ನೆ. ನನಗೆ ಮಾತ್ರ ಬೇರೆ ಥರ ಕಾಣುತ್ತದೆ.

ತೂಕ ಸುಳ್ಳಲ್ಲ ತಂಗಿ, ಫೆಬ್ರವರಿಯ ತನಕ ನಾನೇ ಸಾಕ್ಷಿ. ಮಾರ್ಚಿನದ್ದು ಮಾತ್ರ ನನಗೂ ಗೊತ್ತಿಲ್ಲ.

ವೇಬ್ರಿಡ್ಜ್ ಅಕ್ಕ


ಮಾರ್ಚ್ 24

ಅಪ್ಪಾ,

ಹದಿನೈದು ದಿನವಾಯಿತು, ಉತ್ತರವಿಲ್ಲ.

ಟ್ರಂಕಿನಿಂದ ನಿನ್ನ ಕಾಗದಗಳನ್ನೆಲ್ಲ ತೆಗೆದು ಒಂದೂ ಬಿಡದೆ ಓದಿದೆ. ಬಿಸಿಲಿಗೆ ಮಲಗಿತ್ತು ಎಂದು ಬರೆದಿದ್ದೀಯ. ಹೊಟ್ಟೆ ಕೆಟ್ಟಿತ್ತು ಎಂದು ಬರೆದಿದ್ದೀಯ. ಅಳಿಲಿನ ಜೊತೆ ಜಗಳವಾಡಿತು ಎಂದು ಬರೆದಿದ್ದೀಯ. ಗಾಡಿಯಲ್ಲಿದೆ, ನನ್ನ ಜೊತೆಗಿದೆ ಎಂದು ಎಪ್ಪತ್ತರಲ್ಲಿ ಒಂದು ಕಡೆಯೂ ಬರೆದಿಲ್ಲ! ಭಲೇ ಅಪ್ಪಾ. ಬೆರಳು ತಾಗಿಸದೆ ತಕ್ಕಡಿ ಬಾಗಿಸುವುದನ್ನು ಬೇರೆಯವರು ನಿನ್ನಿಂದ ಕಲಿಯಬೇಕು.

ಮಾರ್ಚಿನಲ್ಲಿ ಏನು ತೂಗಿದೆ? ಇದಕ್ಕೆ ಉತ್ತರ ಬಂದರೆ ಸಾಕು.

ಮಗಳು


ಏಪ್ರಿಲ್ 2

ಮಗಳೇ,

ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು. ಇದನ್ನು ಹರಿಯುವುದಿಲ್ಲ.

ಮೊದಲು ಮಾರ್ಚಿನದ್ದು. ಕಾಲ್ಕೇಜಿಯ ಹಾಸಿಗೆಯ ಚೀಲ ಇತ್ತಲ್ಲ, ನಿನ್ನ ಹಳೆಯ ಸ್ವೆಟರಿನಲ್ಲಿ ನೀನೇ ಹೊಲಿದದ್ದು. ಅದನ್ನು ತಟ್ಟೆಯ ಮೇಲಿಟ್ಟು, ಅದರೊಳಗೆ ಹಿತ್ತಾಳೆಯ ತೂಕದ ಬಟ್ಟುಗಳನ್ನು ಒಂದೊಂದಾಗಿ ಹಾಕಿದೆ. ಅದು ಬದುಕಿದ್ದರೆ ಎಷ್ಟಿರುತ್ತಿತ್ತೋ ಅಂದಾಜು ಮಾಡಿ ಅಷ್ಟಕ್ಕೆ ನಿಲ್ಲಿಸಿದೆ. ಆಮೇಲೆ ಬರೆದೆ. ಯಾವ ತಕ್ಕಡಿಯೂ ತೋರಿಸದ ತೂಕವನ್ನು ನನ್ನ ಕೈ ಬರೆಯುವುದಿಲ್ಲ. ಮೂವತ್ತೆಂಟು ವರ್ಷದ ಅಭ್ಯಾಸ. ಬರೆಯದೆ ಬಿಟ್ಟಿದ್ದರೆ ನೀನು ಕೇಳುತ್ತಿದ್ದೆ, ಕೇಳಿದರೆ ಎಲ್ಲವನ್ನೂ ಹೇಳಬೇಕಾಗುತ್ತಿತ್ತು.

ಈಗ ಎಲ್ಲವನ್ನೂ ಹೇಳುತ್ತೇನೆ. ಕೂತುಕೊಂಡು ಓದು. ಆ ದಿನ ಕಾಲ್ಕೇಜಿಯನ್ನು ಹೊರಗೆ ಬಿಟ್ಟವನು ನಾನೇ.

ಬೆಳಿಗ್ಗೆ ನೀನು ಮುಖ ತೊಳೆಯಲು ನಲ್ಲಿಯ ಹತ್ತಿರ ಹೋದಾಗ ಹಿಂದಿನ ಕಿಟಕಿಯ ಅಗುಳಿ ತೆಗೆದೆ. ಲಾರಿಯವರ ಹೋಟೆಲಿನಿಂದ ಹುರಿದ ಮೀನಿನ ತುಂಡು ತಂದು ಕ್ಯಾಬಿನ್ನಿನ ಹಿಂದೆ ಇಟ್ಟಿದ್ದೆ, ಅದರ ವಾಸನೆ ಹಿಡಿದು ಹೋಯಿತು. ನಮ್ಮ ಕಾನೂನು ನನಗೆ ಗೊತ್ತಲ್ಲ! ನಾನು "ಒಳಗೆ?" ಅನ್ನುತ್ತೇನೆ, ನೀನು ನೋಡುತ್ತೀಯ, ಇಲ್ಲ ಅನ್ನುತ್ತೀಯ, ಹುಡುಕುತ್ತೀಯ, ಹನ್ನೊಂದರ ಬಸ್ಸು ಹೋಗುತ್ತದೆ. ಮುಂದಿನ ಬಸ್ಸು ಮರುದಿನ. ನಿನ್ನ ಕೆಲಸ ತಪ್ಪಿಸಬೇಕೆಂದು ಅಲ್ಲ ಮಗಳೇ, ಆಣೆಗೂ ಅಲ್ಲ. ಒಂದು ದಿನ ಸಿಕ್ಕಿದರೆ ಸಂಜೆ ಆಡಿದ ಮಾತಿಗೆ ತಪ್ಪಾಯಿತು ಅನ್ನಬಹುದಲ್ಲ ಎಂದು. ನನಗೆ ಮಾತು ಬರುವುದು ನಿಧಾನ. ಒಂದು ದಿನ ಬೇಕಿತ್ತು, ಅಷ್ಟೇ.

ನೀನು ನೋಡಲೇ ಇಲ್ಲ. ಬೀಗ ಹಾಕಿ "ಒಳಗೆ" ಎಂದುಬಿಟ್ಟೆ. ಸಿಡಿಲು ಹೊಡೆದ ಹಾಗಾಯಿತು ನನಗೆ. ಒಂಬತ್ತು ವರ್ಷದಲ್ಲಿ ನೀನು ನೋಡದೆ ಹೇಳಿದ್ದು ಅದೊಂದೇ ಸಲ. "ಇಲ್ಲ, ಅದು ಹೊರಗಿದೆ" ಅನ್ನಲು ಬಾಯಿ ಬರಲಿಲ್ಲ. ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಿದ್ದೆ. ಸ್ಟಾರ್ಟ್ ಮಾಡಿದೆ. ಎರಡನೇ ಗೇರಿನಲ್ಲಿ ತೆವಳಿದ್ದು ಹಟಕ್ಕಲ್ಲ. ಎಲ್ಲಾದರೂ ನಿನಗೆ ಕಂಡೀತು, "ನಿಲ್ಲಿಸಪ್ಪಾ" ಎಂದೀಯ ಎಂದು ತಿರುವಿನ ತನಕ ಕಾದೆ. ನೀನು ಬೇಗ ಹೋಗು ಎಂದೆ. ಹೋದೆ.

ಬೆಕ್ಕು ಅಲ್ಲೇ ಉಳಿಯಿತು ಎಂದು ನಿನಗೆ ಬರೆದಿದ್ದರೆ, "ನಾನು ನೋಡದೆ ಹೇಳಿಬಿಟ್ಟೆ" ಎಂದು ನೀನು ಜೀವನಪೂರ್ತಿ ಕೊರಗುತ್ತಿದ್ದೆ. "ಕೊರಗಬೇಡ, ಬಿಟ್ಟವನು ನಾನು" ಎಂದು ಬರೆಯುವ ಧೈರ್ಯ ನನಗಿರಲಿಲ್ಲ. ಎರಡರ ನಡುವೆ ತೂಕ ಬರೆದುಕೊಂಡು ಬಂದೆ.

ಎರಡು ಸಲ ನಿನ್ನ ಊರಿಗೆ ಬಂದೆನಲ್ಲ, ಗಾಡಿಯನ್ನು ಊರ ಹೊರಗೇ ನಿಲ್ಲಿಸಿ ನಡೆದು ಬಂದೆ. ಕಾಲ್ಕೇಜಿಯನ್ನು ಯಾಕೆ ಕರೆತರಲಿಲ್ಲ, ನಡಿ ನೋಡೋಣ ಎಂದು ನೀನು ಕೇಳಿದರೆ ಏನು ಹೇಳುವುದು ಎಂದು ದಾರಿಯುದ್ದಕ್ಕೂ ಹೆದರುತ್ತಾ ಬಂದೆ. ನೀನು ಎರಡು ಸಲವೂ ಕೇಳಲಿಲ್ಲ. ಸದ್ಯ ಪಾರಾದೆ ಅಂದುಕೊಂಡೆ. ಯಾಕೆ ಕೇಳಲಿಲ್ಲ ಎಂದು ಯೋಚಿಸಲಿಲ್ಲ.

ಇನ್ನು ನನ್ನ ಕಾಗದ ಒಡೆಯಬೇಕೋ ವಾಪಸ್ ಕಳಿಸಬೇಕೋ ನಿನಗೆ ಬಿಟ್ಟದ್ದು. ಕಣ್ಣು ಅಷ್ಟು ಚೆನ್ನಾಗಿ ಕಾಣುವುದಿಲ್ಲ, ಅದು ಸುಳ್ಳು ಬರೆದಿದ್ದೆ. ಕೋಪವಿಲ್ಲ ಎಂದದ್ದು ನಿಜ.

ಅಪ್ಪ


ಏಪ್ರಿಲ್ 8

ಅಪ್ಪಾ,

ಕೂತುಕೊಂಡೇ ಓದಿದೆ. ಯಜಮಾನಿ ಬಂದು ಒಂದು ಲೋಟ ನೀರು ಕೊಟ್ಟು ಹೋದರು.

ನೀನೇ ಬಿಟ್ಟೆಯಾ! ಮೀನು ಹಾಕಿ! ನಮ್ಮ ಕಾನೂನು ಮಾಡಿದವನೇ! ನಿನ್ನ ಮೇಲೆ ಕೂಗಾಡಲು ನಾಲ್ಕು ಪುಟ ಬರೆದೆ ಅಪ್ಪಾ. ಬರೆದು, ಹೊಂದಿಸಿ ಮಡಚಿ, ಲಕೋಟೆಗೆ ಹಾಕಿ, ಆಮೇಲೆ ಹರಿದೆ. ಯಾಕೆಂದರೆ ಕೂಗಾಡುವ ಬಾಯಿ ನನಗೆ ಇಲ್ಲ.

ಜೀಪಿನ ಎಡಗಡೆ ಕನ್ನಡಿ ನೆನಪಿದೆಯಾ, ಮೂಲೆಯಲ್ಲಿ ಬಿರುಕು ಬಿಟ್ಟದ್ದು? ನಾನು ಕೂರುತ್ತಿದ್ದ ಕಡೆಯದ್ದು. ಗೇಟು ದಾಟಿ ತಿರುಗುವಾಗ ಅದರಲ್ಲಿ ಕಂಡಿತು. ಹಾಸಿನ ನಡುವೆ ಕೂತು ಮುಂಗಾಲು ನೆಕ್ಕುತ್ತಿತ್ತು. ತಲೆಯೆತ್ತಿ ನಮ್ಮ ಗಾಡಿಯನ್ನು ನೋಡಿತು. ಎದ್ದು ನಾಲ್ಕು ಹೆಜ್ಜೆ ಈ ಕಡೆ ಬಂದು ನಿಂತಿತು.

ನಾನು ನೋಡಿದೆ ಅಪ್ಪಾ. ಚೆನ್ನಾಗಿ, ಕಣ್ಣಾರೆ ನೋಡಿದೆ. ಬಾಯಿ ತೆರೆದೆ. ತೆರೆದ ಬಾಯಿಂದ ಬಂದದ್ದು "ಬೇಗ ಹೋಗಪ್ಪಾ" ಎಂಬ ಮಾತು.

ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ನಿಲ್ಲಿಸು ಎಂದರೆ ಇಳಿಯಬೇಕು, ಇಳಿದರೆ ಅದನ್ನು ಎತ್ತಿಕೊಳ್ಳಬೇಕು, ಎತ್ತಿಕೊಂಡರೆ ನನಗೆ ಬಿಟ್ಟು ಹೋಗಲು ಆಗುತ್ತಿರಲಿಲ್ಲ. ಅದನ್ನೂ, ನಿನ್ನನ್ನೂ. ಅಪ್ಪ ಮುಂದಿನ ಊರಿನಲ್ಲಿ ಬಾಗಿಲು ತೆಗೆದಾಗ ಗೊತ್ತಾಗುತ್ತದೆ, ಹೋಗಿ ಕರೆದುಕೊಂಡು ಬರುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಹತ್ತು ದಿನ ಅನ್ನ ಇಳಿಯಲಿಲ್ಲ. ನಿನ್ನ ಕಾಗದದಲ್ಲಿ ತೂಕ ನೋಡಿದ ಮೇಲೆ, ಅಬ್ಬಾ, ಸಿಕ್ಕಿತು, ಗಾಡಿಗೆ ಬಂತು ಎಂದು ಅತ್ತೆ. ಅದಕ್ಕೇ ಆ ಅಳು.

ರಜೆ ಸಿಗುವುದಿಲ್ಲ, ಅದಕ್ಕೇ ಬರಲಾಗುವುದಿಲ್ಲ ಎಂದು ಬರೆಯುತ್ತಿದ್ದೆನಲ್ಲ, ಅದು ನನ್ನ ಎಪ್ಪತ್ತು ಸುಳ್ಳು. "ಹೋಗಿ ಅಪ್ಪನ್ನ ನೋಡ್ಕೊಂಡು ಬಾರೇ" ಎಂದು ನಮ್ಮ ಯಜಮಾನಿ ಬೈದು ಬೈದು ಸುಸ್ತಾಗಿದ್ದಾರೆ. ಗಾಡಿಯ ಮೆಟ್ಟಿಲು ಹತ್ತಿದರೆ ಕಾಲ್ಕೇಜಿ ಬಂದು ಕಾಲಿಗೆ ಉಜ್ಜುತ್ತದೆ, ಅದರ ಮುಖ ನೋಡುವುದು ಹೇಗೆ ಎಂದು ಹೆದರಿಕೊಂಡೇ ಬರಲಿಲ್ಲ. ಅದು ಗಾಡಿಯಲ್ಲಿ ಇರಲೇ ಇಲ್ಲ! ಬಿಟ್ಟ ಜಾಗದಲ್ಲೇ ಕಾಯುತ್ತಿತ್ತು, ಆರು ವರ್ಷ, ಹಗಲೂ ರಾತ್ರಿ, ನನಗಾಗಿ!

ನೀನು ಬಂದಾಗ ನಾನು ಯಾಕೆ ಕೇಳಲಿಲ್ಲ ಎಂದು ಈಗ ಗೊತ್ತಾಯಿತಲ್ಲ. ಇದನ್ನು ಓದಿದ ಮೇಲೂ ನನ್ನನ್ನು ಮುಳ್ಳೇ ಎಂದು ಕರೆಯುತ್ತೀಯಾ?

ಮಗಳು


ಏಪ್ರಿಲ್ 15

ನನ್ನ ಮುಳ್ಳೇ,

ಎಣ್ಣೆ ಗಿರಣಿಯ ಕಟ್ಟೆಯ ಮೇಲೆ ಕೂತು ಮೂರು ಸಲ ಓದಿದೆ. ಗಿರಣಿಯವರು ಹೆದರಿ, "ಯಾರಾದ್ರೂ ಹೋಗ್ಬಿಟ್ರಾ?" ಎಂದರು. "ಇಲ್ಲ, ಆಗ್ಲೇ ಹೋಗಿದ್ದಾರೆ" ಎಂದೆ. ಅವರಿಗೆ ಅರ್ಥವಾಗಲಿಲ್ಲ, ನನಗೂ ಏನು ಹೇಳಿದೆ ಎಂದು ತಿಳಿಯಲಿಲ್ಲ. ಆ ದಿನ ಒಂದು ತಕ್ಕಡಿಯನ್ನೂ ಮುಟ್ಟಲಿಲ್ಲ.

ಜೀಪಿನ ಹತ್ತಿರ ಹೋಗಿ ನಿನ್ನ ಜಾಗದಲ್ಲಿ ಕೂತು ಎಡಗಡೆ ಕನ್ನಡಿ ನೋಡಿದೆ. ಬಿರುಕು ಹಾಗೇ ಇದೆ. ಹಿಂದಿನದೆಲ್ಲ ಚೆನ್ನಾಗಿ ಕಾಣುತ್ತದೆ.

ಇಪ್ಪತ್ತಾರಕ್ಕೆ ವೇಬ್ರಿಡ್ಜ್ ಹತ್ತಿರ ಇರುತ್ತೇನೆ. ಬಸ್ಸಿನವರಿಗೆ ಹೇಳಿದರೆ ಗೇಟಿನ ಮುಂದೆಯೇ ಇಳಿಸುತ್ತಾರೆ.

ಅಪ್ಪ


ಏಪ್ರಿಲ್ 29

ಹಲ್ಲಿನ ಕಾರ್ಖಾನೆಯ ಯಜಮಾನಮ್ಮನವರಿಗೆ ನಮಸ್ಕಾರ,

ನಾನು ಹೆದ್ದಾರಿಯ ವೇಬ್ರಿಡ್ಜಿನವಳು. ನಿಮ್ಮ ಹತ್ತಿರ ಕೆಲಸ ಮಾಡುವ ಹುಡುಗಿ ನಿನ್ನೆ ಬರಬೇಕಾಗಿತ್ತು, ಬರಲಿಲ್ಲ ಎಂದು ಗಾಬರಿಯಾಗಬೇಡಿ. ಅವಳೇ ಬರೆಯಬೇಕಾಗಿತ್ತು. "ನೀವೇ ಬರೆದುಬಿಡಿ ಅಕ್ಕಾ, ನನಗೆ ಹೇಗೆ ಹೇಳುವುದು ತಿಳಿಯುತ್ತಿಲ್ಲ" ಎಂದಳು. ನನಗೂ ತಿಳಿಯುತ್ತಿಲ್ಲ. ಕಂಡದ್ದನ್ನು ಬರೆಯುತ್ತೇನೆ.

ಇಪ್ಪತ್ತಾರಕ್ಕೆ ಬಂದಳು. ಅಪ್ಪ ಗೇಟಿನ ಹತ್ತಿರವೇ ನಿಂತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಕಳ್ಳರ ಹಾಗೆ ತಲೆ ತಗ್ಗಿಸಿದರು. ಬೆಕ್ಕನ್ನು ಮಣ್ಣು ಮಾಡಿದ ಜಾಗ ನಾನೇ ತೋರಿಸಿದೆ. ಅಪ್ಪ ಒಂದು ಕಡೆ, ಮಗಳು ಒಂದು ಕಡೆ ಕೂತರು. ಸ್ವಲ್ಪ ಹೊತ್ತಿಗೆ ಮಗಳು ಜೋರಾಗಿ ಅಳುವುದು ಕೇಳಿಸಿತು, ಲಾರಿಗಳನ್ನು ಆ ಕಡೆ ಬಿಡಲಿಲ್ಲ ನಾನು.

ಮರುದಿನ ಬೆಳಿಗ್ಗೆ ಹನ್ನೊಂದರ ಬಸ್ಸಿಗೆ ಅವಳನ್ನು ಪಕ್ಕದ ಊರಿನ ಬಸ್ ನಿಲ್ದಾಣಕ್ಕೆ ಬಿಡುವುದು ಎಂದಾಯಿತು. ಸಾಮಾನು ಕಟ್ಟಿದರು, ಟ್ರೇಲರ್ ಸಿಕ್ಕಿಸಿದರು. ಅಪ್ಪ ಸ್ಟೀರಿಂಗ್ ಹಿಡಿದು ಅಭ್ಯಾಸಬಲದಿಂದ "ಒಳಗೆ?" ಎಂದು ಕೂಗಿಬಿಟ್ಟರು. ಕೂಗಿದ ಮೇಲೆ ಬೆವರಿ ಹೋದರು, ನಾನು ಕಿಟಕಿಯಿಂದ ನೋಡುತ್ತಲೇ ಇದ್ದೆ. ಬೆಕ್ಕು ಒಳಗಿದೆಯಾ ಎಂದು ಕೇಳುವ ಮಾತಂತೆ ಅದು. ಅವರ ಗಾಡಿಯ ಕಾನೂನಂತೆ, ಒಳಗೆ ಎಂಬ ಉತ್ತರ ಬರದೆ ಹೊರಡುವ ಹಾಗಿಲ್ಲವಂತೆ.

ನಿಮ್ಮ ಹುಡುಗಿ ಆಗಲೇ ಬೀಗ ಹಾಕಿದ್ದಳು. ಮತ್ತೆ ಬೀಗ ತೆಗೆದು ಒಳಗೆ ಹೋದಳು. ಮಂಚದ ಕೆಳಗೆ ನೋಡಿದಳು. ಒಲೆ ಸರಿಸಿ ಹಿಂದೆ ನೋಡಿದಳು. ಬಟ್ಟೆಗಳನ್ನೆಲ್ಲ ಒಂದೊಂದಾಗಿ ತೆಗೆದು ನೋಡಿದಳು. ಬೆಕ್ಕೇ ಇಲ್ಲದ ಗಾಡಿಯಲ್ಲಿ ಏನು ಹುಡುಕುತ್ತಾಳೆ ಎಂದು ಲಾರಿಯವರೆಲ್ಲ ಇಳಿದು ಬಂದು ನಿಂತರು. ಬಹಳ ಹೊತ್ತಾದ ಮೇಲೆ ಮೆಟ್ಟಿಲಿಗೆ ಬಂದು, "ಇಲ್ಲ ಅಪ್ಪಾ. ನೋಡ್ದೆ. ಒಳಗಿಲ್ಲ" ಎಂದಳು.

ಅಪ್ಪ ಇಂಜಿನ್ ಆಫ್ ಮಾಡಿದರು. ಇಳಿದು ಹೋಗಿ ಚಹಾಕ್ಕೆ ನೀರಿಟ್ಟರು.

ನಿನ್ನೆಯೂ ಹಾಗೇ ಆಯಿತು. ಇವತ್ತೂ ಹಾಗೇ. ಹತ್ತು ಗಂಟೆಗೆ ಅವರು ಕೇಳುತ್ತಾರೆ, ಇವಳು ಪೂರ್ತಿ ಹುಡುಕಿ ಇಲ್ಲ ಅನ್ನುತ್ತಾಳೆ, ಅವರು ಚಹಾಕ್ಕೆ ಇಡುತ್ತಾರೆ, ಇಬ್ಬರೂ ಮಾತಿಗೆ ಕೂರುತ್ತಾರೆ. ಬೆಕ್ಕು ನನ್ನ ಕ್ಯಾಬಿನ್ನಿನ ಹಿಂದೆ ಮಣ್ಣಿನೊಳಗಿದೆ, ಅದು ಇಬ್ಬರಿಗೂ ಗೊತ್ತು.

ಅವಳಿಗೆ ಆರು ವರ್ಷದ ರಜೆ ನಿಮ್ಮಲ್ಲಿ ಬಾಕಿ ಇದೆ ಎಂದು ಹೇಳಿದಳು. ಅದರಲ್ಲಿ ಸ್ವಲ್ಪ ಕೊಡಿ ತಾಯಿ. ಎಷ್ಟು ದಿನ ಎಂದು ನನ್ನನ್ನು ಕೇಳಬೇಡಿ, ಬೆಕ್ಕು ಸಿಗದೆ ಗಾಡಿ ಹೊರಡುವುದಿಲ್ಲವಂತೆ.

ಇಂತಿ,
ವೇಬ್ರಿಡ್ಜ್ ಅಕ್ಕ